ಬೂಟಿನ ದರ, ಬೂಟಿನ ಬಾಳಿಕೆ

ಸರ್ಕಾರ ಬೂಟು ಕೊಳ್ಳುವುದು ಸಿಬ್ಬಂದಿಯ ಕಾಲಿಗಾಗಿಯೇ ಹೊರತು ಸಮಾಜಸೇವೆಗಾಗಿ ಅಲ್ಲ ಎಂಬ ಮಾತು ಈಚೆಗೆ ಬಲು ಸಲೀಸಾಗಿ ಓಡಾಡುತ್ತಿದೆ. ರಾಜ್ಯದ ಚರ್ಮೋದ್ಯಮ ಅಭಿವೃದ್ಧಿ ನಿಗಮವಾದ ಲಿಡ್ಕರ್‌ಗೆ ಟೆಂಡರಿನಿಂದ ವಿನಾಯಿತಿ ಏಕೆ, ಸಣ್ಣ ಘಟಕಗಳಿಗೆ ಪಾಲು ಏಕೆ, ಟೆಂಡರ್ ಕರೆಯಿರಿ, ಕಡಿಮೆ ದರ ಹಾಕಿದವನಿಗೆ ಕೊಡಿ ಎಂಬುದು ಅದರ ಬೆನ್ನಿಗೇ ಬರುವ ಮಾತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕಡಿಮೆ ದರದ ಈ ನಿಯಮ ಕಾಲನ್ನೂ ಕಾಯುವುದಿಲ್ಲ, ಖಜಾನೆಯನ್ನೂ ಕಾಯುವುದಿಲ್ಲ ಎಂಬುದು ನನ್ನ ತಕರಾರು. ಸಾಲದ್ದಕ್ಕೆ, ಚರ್ಮದ ಕೆಲಸ ಬಲ್ಲವರನ್ನೇ ಚರ್ಮದ ವ್ಯಾಪಾರದ ಹೊರಗೆ ನಿಲ್ಲಿಸುತ್ತದೆ.

ಪೊಲೀಸರ ಬೂಟು, ಬೆಲ್ಟು, ಅಗ್ನಿಶಾಮಕ ದಳದ ಬೂಟು, ಬಸ್ ಕಂಡಕ್ಟರ್‌ನ ಹೆಗಲ ಚೀಲ, ಎಚ್‌ಎಎಲ್, ಬೆಮೆಲ್‌ನಂಥ ಕಾರ್ಖಾನೆಗಳ ಸುರಕ್ಷತಾ ಷೂ: ಇವೆಲ್ಲ ಸಾರ್ವಜನಿಕ ಹಣದಲ್ಲಿ ಕೊಳ್ಳುವ ವಸ್ತುಗಳು. ಇದರಲ್ಲಿ ಒಂದೇ ಒಂದು ಬೂಟನ್ನು ಕೈಗೆತ್ತಿಕೊಳ್ಳಿ. ಹದ ಮಾಡಿದ ದಪ್ಪ ಚರ್ಮವನ್ನು ಯಂತ್ರದಲ್ಲಿ ಪದರ ಪದರವಾಗಿ ಸೀಳುತ್ತಾರೆ. ಮೇಲಿನ ಪದರದಲ್ಲಿ ನಾರು ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಕೆಳಗಿನ ಪದರ ಸಡಿಲ, ಅಗ್ಗ. ಆ ಅಗ್ಗದ ಪದರದ ಮೇಲೆ ಪಾಲಿಯುರೆಥೇನ್ ಲೇಪ ಹಚ್ಚಿ, ಚರ್ಮದ ಗೆರೆಗಳನ್ನು ಅಚ್ಚೊತ್ತಿದರೆ ಅಸಲಿಗಿಂತ ಚೆನ್ನಾಗಿ ಹೊಳೆಯುತ್ತದೆ. ಸರಕು ಸ್ವೀಕರಿಸುವ ದಿನ ಉಗ್ರಾಣದವರ ಕಣ್ಣಿಗೆ ಎರಡೂ ಒಂದೇ. ಕೆಲವು ತಿಂಗಳ ಪರೇಡು ಮುಗಿಯುವಷ್ಟರಲ್ಲಿ ಬೆರಳು ಮಡಿಚುವ ಜಾಗದಲ್ಲಿ ಲೇಪ ಬಿರಿದು, ಸಿಪ್ಪೆ ಏಳುತ್ತದೆ. ಇನ್ನು ಅಟ್ಟೆಯ ಒಳಗೆ, ಪಾದದ ಕಮಾನಿನ ಕೆಳಗೆ, ಉಕ್ಕಿನ ಒಂದು ಪಟ್ಟಿ ಇರಬೇಕು. ಹಿಮ್ಮಡಿಯನ್ನು ಹಿಡಿದು ನಿಲ್ಲಿಸುವ ಗಟ್ಟಿ ತುಂಡೊಂದು ಇರಬೇಕು. ಇವೆರಡರ ಬದಲು ರಟ್ಟು ಇಟ್ಟರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಅಟ್ಟೆಯನ್ನು ಹೊಲಿದದ್ದೋ, ಬರಿದೇ ಅಂಟಿಸಿದ್ದೋ ಎಂಬುದು ಮೊದಲ ಮಳೆಗಾಲದಲ್ಲಿ ತಿಳಿಯುತ್ತದೆ. ದರ ಇಳಿಸುವ ಪೈಪೋಟಿಯಲ್ಲಿ ಪ್ರತಿ ರೂಪಾಯಿ ಉಳಿಯುವುದು ಇಂಥ ಕಾಣದ ಜಾಗಗಳಲ್ಲೇ. ಹಾಗಾಗಿ ಹೆಚ್ಚು ಮುಚ್ಚಿಟ್ಟವನು ಹೆಚ್ಚು ಸಲ ಗೆಲ್ಲುತ್ತಾನೆ.

ಲೆಕ್ಕ ಕಷ್ಟದ್ದಲ್ಲ. 800 ರೂಪಾಯಿಯ ಬೂಟು 8 ತಿಂಗಳು ಬಂದರೆ ತಿಂಗಳಿಗೆ 100 ರೂಪಾಯಿ ಬಿತ್ತು. 1,200 ರೂಪಾಯಿಯದು 18 ತಿಂಗಳು ಬಂದರೆ 67ರ ಆಸುಪಾಸು. ಎರಡನೆಯದನ್ನು ಕೊಂಡ ಅಧಿಕಾರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ, ಮೊದಲನೆಯದನ್ನು ಕೊಂಡವರನ್ನು ಯಾರೂ ಏನೂ ಕೇಳುವುದಿಲ್ಲ.

ಸರ್ಕಾರಿ ಶಾಲೆಯ ಮಕ್ಕಳ ಷೂ ನೋಡಿ. ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಕಪ್ಪು ಷೂ, ಎರಡು ಜೊತೆ ಕಾಲುಚೀಲಕ್ಕೆ 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ಎಂದು ದರ ನಿಗದಿಯಾಗಿ ವರ್ಷಗಟ್ಟಲೆ ಹಾಗೇ ಇತ್ತು. ಕೊಳ್ಳುವ ಅಧಿಕಾರವನ್ನು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಕೊಟ್ಟದ್ದು ಒಳ್ಳೆಯ ತೀರ್ಮಾನ. ಆದರೆ ಆ ಹಣದಲ್ಲಿ ಚರ್ಮದ ಮಾತೇ ಇಲ್ಲ. ಪ್ಲಾಸ್ಟಿಕ್ಕಿನ ಷೂ ಒಂದೇ ಗತಿ. ಊರಿನ ಸಮಗಾರನಿಗೆ ಅದರಲ್ಲಿ ಸಿಕ್ಕುವ ಕೆಲಸ ಎಂದರೆ, ಬಾಯಿ ಬಿಟ್ಟ ಅಟ್ಟೆಯನ್ನು ದಸರಾ ರಜೆಯಲ್ಲಿ ಮತ್ತೆ ಹೊಲಿದು ಕೊಡುವುದು. ಅದರ ಕೂಲಿ ಕೊಡುವುದು ಮಗುವಿನ ತಾಯಿ. ಇದನ್ನು ಉಳಿತಾಯ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.



ಇನ್ನು ಸಮಾನ ಅವಕಾಶದ ಮಾತು. ಟೆಂಡರಿನ ಆರ್ಥಿಕ ಬಿಡ್ ತೆರೆಯುವ ಮುಂಚೆ ತಾಂತ್ರಿಕ ಬಿಡ್ ಎಂಬ ಬಾಗಿಲಿದೆ. ಇಷ್ಟು ಕೋಟಿ ವಾರ್ಷಿಕ ವಹಿವಾಟು, ಹಿಂದಿನ ಮೂರು ವರ್ಷ ಸರ್ಕಾರಕ್ಕೆ ಪೂರೈಸಿದ ಅನುಭವ, ಠೇವಣಿ ಇದ್ದರೆ ಮಾತ್ರ ಅದು ತೆರೆಯುತ್ತದೆ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಅದರಲ್ಲಿ ನಮ್ಮ ಪಾಲಿನ ಜಿಲ್ಲೆಗಳು. ತಲೆಮಾರುಗಳ ಆ ಕಸುಬು ಯಾವ ಟೆಂಡರಿನಲ್ಲೂ ಅನುಭವ ಎಂದು ಲೆಕ್ಕಕ್ಕೆ ಬರುವುದಿಲ್ಲ. ಚಪ್ಪಲಿ ಹೊಲಿಯುವ ಕೈ ನಾಳೆ ಬೆಳಗ್ಗೆಯೇ ಪೊಲೀಸ್ ಬೂಟು ಹೊಲಿಯಲಾರದು, ನಿಜ. ಅದಕ್ಕೆ ಬೇರೆ ಅಚ್ಚು, ಬೇರೆ ಯಂತ್ರ ಬೇಕು. ಆದರೆ ಬೆಲ್ಟಿಗೆ, ಕಂಡಕ್ಟರನ ಚೀಲಕ್ಕೆ ಬೇಕಾದ ಕೈ ಅದೇ. ಹೊರಗುಳಿದವರು ಕೆಲಸ ಬಿಡುವುದಿಲ್ಲ. ಟೆಂಡರ್ ಗೆದ್ದ ದಲ್ಲಾಳಿಯ ಕೆಳಗೆ ಜೊತೆಗಿಷ್ಟು ಎಂಬ ಕೂಲಿಗೆ, ಹೆಸರಿಲ್ಲದೆ ಹೊಲಿಯುತ್ತಾರೆ.

ಕೇಂದ್ರ ಸರ್ಕಾರ ಇದನ್ನು ಕಂಡುಕೊಂಡೇ 2012ರಲ್ಲಿ ಸಣ್ಣ ಘಟಕಗಳಿಗಾಗಿ ಖರೀದಿ ನೀತಿ ತಂದಿತು. ಅದರಂತೆ ಈಗ ಕೇಂದ್ರದ ಇಲಾಖೆಗಳು, ಉದ್ಯಮಗಳು ತಮ್ಮ ಖರೀದಿಯ ಶೇಕಡಾ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು, ಅದರಲ್ಲಿ ಶೇಕಡಾ 4 ಪರಿಶಿಷ್ಟರ ಘಟಕಗಳಿಂದ. ಸರ್ಕಾರ ಇವರಿಗೆ ಹೆಚ್ಚು ಬೆಲೆ ತೆರುತ್ತದೆ ಎಂದು ದೂರುವವರು ನಿಯಮ ಓದಿಲ್ಲ. ಸಣ್ಣ ಘಟಕದ ದರ ಕನಿಷ್ಠ ದರಕ್ಕಿಂತ ಶೇಕಡಾ 15ರೊಳಗೆ ಇರಬೇಕು, ಆಮೇಲೆ ಆ ಕನಿಷ್ಠ ದರಕ್ಕೇ ಇಳಿದು ಪೂರೈಸಬೇಕು. ಇಷ್ಟಾದರೂ ಆ ಶೇಕಡಾ 4ರ ಅರ್ಧದಷ್ಟೂ ಖರೀದಿಯಾಗದ ವರ್ಷಗಳೇ ಹೆಚ್ಚು. ಸರ್ಕಾರಿ ಖರೀದಿ ನಡೆಯುವ ಜೆಮ್ ಪೋರ್ಟಲಿನ ಬಿಡ್ ದಾಖಲೆಯಲ್ಲಿ ಸಣ್ಣ ಘಟಕಗಳಿಗೆ ಅನುಭವ ಮತ್ತು ವಹಿವಾಟಿನ ವಿನಾಯಿತಿ ಉಂಟೇ ಎಂಬ ಒಂದು ಸಾಲಿದೆ. ಕೊಳ್ಳುವ ಕಚೇರಿ ಅಲ್ಲಿ ‘ಇಲ್ಲ’ ಎಂದು ಹಾಕಿದರೆ ಎಷ್ಟೋ ಘಟಕಗಳಿಗೆ ಅಲ್ಲಿಗೇ ಬಾಗಿಲು ಹಾಕಿದಂತೆ.

ಕೊಳ್ಳುವವನೇ ಕಸುಬನ್ನು ಕಟ್ಟಬಲ್ಲ ಎಂಬುದಕ್ಕೆ ಕಾನ್ಪುರ ಸಾಕ್ಷಿ. 1857ರ ದಂಗೆಯ ನಂತರ ಬ್ರಿಟಿಷರ ಸೈನ್ಯಕ್ಕೆ ಕುದುರೆಯ ಜೀನು, ಲಗಾಮು ಬೇಕಾದಾಗ, 1860ರ ದಶಕದಲ್ಲಿ ಅಲ್ಲಿ ಸರ್ಕಾರಿ ಜೀನು ಕಾರ್ಖಾನೆ ನೆಲೆಗೊಂಡಿತು. ಹಿಂದೆಯೇ ಕೂಪರ್ ಆಲನ್ ಕಂಪನಿ ಸೈನ್ಯದ ಬೂಟು ಮಾಡತೊಡಗಿತು. ಸುತ್ತಮುತ್ತಲ ಚರ್ಮಕಾರರು ಊರ ಕೆಲಸ ಬಿಟ್ಟು ಅಲ್ಲಿಗೆ ಬಂದರು, ಹೊಸ ಹದ, ಹೊಸ ಹೊಲಿಗೆ ಕಲಿತರು. ಚರ್ಮದ ಪಟ್ಟಣ ಎಂಬ ಹೆಸರು ಆ ಊರಿಗೆ ಅಂಟಿದ್ದು ಹಾಗೆ. ವಸಾಹತು ಸರ್ಕಾರಕ್ಕೆ ಆ ಜನರ ಮೇಲೆ ಕನಿಕರವಿತ್ತೆಂದಲ್ಲ. ತನ್ನ ಸವಾರನ ಜೀನು ಯುದ್ಧದ ನಡುವೆ ಹರಿಯಬಾರದು ಎಂಬ ಸ್ವಾರ್ಥವಿತ್ತು. ಕಡಿಮೆ ದರದವನು ಯಾರು ಎಂದು ಹುಡುಕುವ ಮೊದಲು ಕೆಲಸ ಬಲ್ಲವರನ್ನು ತಯಾರು ಮಾಡುವುದು ಅದಕ್ಕೆ ಮುಖ್ಯವಾಯಿತು.

ಇದೇ ಕಥೆಯ ಎರಡನೆಯ ಅರ್ಧ ನನ್ನ ವಾದಕ್ಕೆ ತೊಡಕು, ಅದನ್ನೂ ಹೇಳಬೇಕು. ಕೂಪರ್ ಆಲನ್ ಮುಂದೆ ಟಾಫ್ಕೋ ಎಂಬ ಸರ್ಕಾರಿ ಉದ್ಯಮದ ಪಾಲಾಯಿತು, ನಷ್ಟದಲ್ಲಿ ಮುಚ್ಚಿತು. ಸರ್ಕಾರವೇ ಬೆನ್ನಿಗಿದ್ದರೂ ಸಂಸ್ಥೆ ಸೊರಗಬಲ್ಲದು. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ, ಜನರ ಬಾಯಲ್ಲಿ ಕೆಟಿಪಿಪಿ, ಬಂದದ್ದೂ ಮನಸ್ಸಿಗೆ ಬಂದವರಿಗೆ ಗುತ್ತಿಗೆ ಕೊಡುವ ಚಾಳಿಗೆ ಕಡಿವಾಣ ಹಾಕಲು. ಅದರ 4(ಜಿ) ಕಲಮಿನ ವಿನಾಯಿತಿ ಪಡೆದ ಸಂಸ್ಥೆಯೊಂದು ಖಾಸಗಿ ಕಾರ್ಖಾನೆಯಿಂದ ಸರಕು ತರಿಸಿ, ತನ್ನ ಮುದ್ರೆ ಒತ್ತಿ, ಮೇಲಿಷ್ಟು ಕಮಿಷನ್ ಇಟ್ಟು ಕೊಟ್ಟರೆ ಚರ್ಮಕಾರನಿಗೆ ಬಂದದ್ದೇನು? ಈ ಪ್ರಶ್ನೆ ಕೇಳುವವರನ್ನು ನಾನು ಗೌರವಿಸುತ್ತೇನೆ. ನನ್ನ ಉತ್ತರ ಇಷ್ಟು: ವಿನಾಯಿತಿಯನ್ನು ತೆಗೆಯಬೇಡಿ, ಅದಕ್ಕೆ ಷರತ್ತು ಹಾಕಿ. 1976ರಲ್ಲಿ ಹುಟ್ಟಿದ ಲಿಡ್ಕರ್ ಒಂದು ಆದೇಶ ಪಡೆದರೆ, ಆ ಸರಕನ್ನು ಯಾವ ಊರಿನ ಯಾವ ಘಟಕದಲ್ಲಿ ಹೊಲಿದರು, ಹೊಲಿದವರ ಖಾತೆಗೆ ಎಷ್ಟು ಹಣ ಹೋಯಿತು ಎಂಬುದು ಬಿಲ್ಲಿನ ಜೊತೆಗೇ ಸಾರ್ವಜನಿಕವಾಗಿ ಸಿಗಬೇಕು. ಸೀಲ್ ಮಾಡಿದ ಮಾದರಿಯನ್ನು ಮಾತ್ರ ಪರೀಕ್ಷೆಗೆ ಕಳಿಸುವುದು ಸಾಲದು. ಬಂದ ಸರಕಿನಿಂದ ಯಾವುದಾದರೂ ಕೆಲವು ಜೊತೆ ಎತ್ತಿ, ಉಗ್ರಾಣದಲ್ಲೇ ಎಲ್ಲರೆದುರು ಸೀಳಿ ನೋಡಬೇಕು. ದಲ್ಲಾಳಿಗೂ ಲಿಡ್ಕರ್‌ಗೂ ಒಂದೇ ಚಾಕು.

ಕೊನೆಯದು ಹಣ ಕೊಡುವ ಸಂಗತಿ. ಇದನ್ನು ಸರಿಪಡಿಸದಿದ್ದರೆ ಮೇಲಿನ ಯಾವುದೂ ಪ್ರಯೋಜನಕ್ಕೆ ಬಾರದು. ಚರ್ಮವನ್ನು ನಗದಿಗೆ ತರುವ ಸಣ್ಣ ಘಟಕ ಬಿಲ್ಲಿಗಾಗಿ ಆರು ತಿಂಗಳು ಕಾಯಲಾರದು. ದಲ್ಲಾಳಿ ಕಾಯಬಲ್ಲ, ಅವನ ಬಲವೇ ಅದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಬರಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಬಡ್ಡಿ ಕೇಳಿದವನು ಮುಂದಿನ ಆದೇಶಕ್ಕೆ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು, ಆದ್ದರಿಂದ ಕೇಳುವ ಧೈರ್ಯ ಬರುವುದಿಲ್ಲ. ಅವನು ಕೇಳುವಂತಾಗಬಾರದು. ನಮ್ಮ ಖಜಾನೆಯ ಲೆಕ್ಕವೆಲ್ಲ ಈಗ ಖಜಾನೆ-2 ತಂತ್ರಾಂಶದಲ್ಲಿ ನಡೆಯುತ್ತದೆ. ಸರಕು ಸ್ವೀಕರಿಸಿದ ದಿನಾಂಕವನ್ನು ಅದರಲ್ಲಿ ನಮೂದಿಸಿ, 46ನೇ ದಿನದಿಂದ ಬಡ್ಡಿ ತಾನೇ ಬಿಲ್ಲಿಗೆ ಸೇರುವಂತೆ ಮಾಡಲಿ. ತಡಮಾಡಿದ ಅಧಿಕಾರಿಯ ಹೆಸರಿನ ಮುಂದೆಯೇ ಆ ಮೊತ್ತ ಕಾಣಲಿ.