ಗಾಳಿ ಬಿದ್ದ ಹೊತ್ತಿನ ಓಟ

ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಮರವಂತೆಯ ಫೋಟೊ ನೋಡಿದ ಘಟ್ಟದ ಮೇಲಿನ ಓಟಗಾರರಿಗೆ ಇಲ್ಲೊಮ್ಮೆ ಓಡಬೇಕು ಅನ್ನಿಸುತ್ತದೆ. ಕಡಲ ಗಾಳಿ ಇರುವಲ್ಲಿ ಸೆಕೆ ಎಲ್ಲಿಂದ ಬರಬೇಕು ಎಂಬ ಲೆಕ್ಕ ಅವರದು. ಆದರೆ ಗಾಳಿಗೂ ಹೊತ್ತುಗೊತ್ತಿದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವದವರೆಗೆ ಅದು ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಹತ್ತು ಹನ್ನೊಂದರ ಸುಮಾರಿಗೆ, ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ನಡುವಿನ ತಾಸೆರಡು ತಾಸು ತೆಂಗಿನ ಗರಿಯೂ ಅಲ್ಲಾಡದು. ನಮ್ಮ ರಸ್ತೆ ಓಟಗಳು ಕೊನೆಯ ಕಿಲೋಮೀಟರಿಗೆ ಬರುವುದು ಸರಿಯಾಗಿ ಆ ಹೊತ್ತಿಗೆ.

ಬೆವರು ಇಳಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಮೊಣಕೈಯಿಂದ ತೊಟ್ಟಿಕ್ಕಿ ಡಾಂಬರಿಗೆ ಬಿದ್ದ ಬೆವರು ಮೈಯ ಉಪ್ಪನ್ನು ಕೊಂಡೊಯ್ಯುತ್ತದೆ, ಬಿಸಿಯನ್ನು ಅಲ್ಲೇ ಬಿಡುತ್ತದೆ. ತಮ್ಮ 42 ಡಿಗ್ರಿಯ ಮುಂದೆ ನಮ್ಮ 33 ಯಾವ ಲೆಕ್ಕ ಎಂದು ಕಲಬುರಗಿಯವರು ನಗಬಹುದು. ಬೈಂದೂರಿನಲ್ಲಿ ನೆರಳಿಗೆ ಹಾಕಿದ ಒದ್ದೆ ಅಂಗಿ ಒಣಗುವುದನ್ನು ಕಾದವರು ನಗಲಾರರು.

2019ರ ಸೆಪ್ಟೆಂಬರಿನಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ಬಿಸಿಲಿಗೆ ಹೆದರಿ ನಡುರಾತ್ರಿ ಓಡಿಸಿದರು. ಆಗಲೂ 32 ಡಿಗ್ರಿ ದಾಟಿತ್ತು, ತೇವಾಂಶ 70ರ ಮೇಲಿತ್ತು. ಹೊರಟ 68 ಮಂದಿಯಲ್ಲಿ 28 ಮಂದಿ ಗುರಿ ಮುಟ್ಟಲಿಲ್ಲ. ಗೆದ್ದ ಕೀನ್ಯಾದ ರೂತ್ ಚೆಪ್‌ನ್ಗೆಟಿಚ್ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡ್; ಅದೇ ವರ್ಷ ದುಬೈಯಲ್ಲಿ 2 ಗಂಟೆ 17 ನಿಮಿಷದಲ್ಲಿ ಮುಗಿಸಿದ್ದವರು. ವಿಶ್ವ ಚಾಂಪಿಯನ್ನೇ ಸೆಕೆಗೆ ಕಾಲು ಗಂಟೆ ಬಿಟ್ಟುಕೊಟ್ಟರು. ಕೈಗಡಿಯಾರ ನೋಡಿ ನೋಡಿ ಹಲ್ಲು ಕಚ್ಚುವ ನಮ್ಮ ಹುಡುಗರು ಐದು ನಿಮಿಷ ಬಿಡಲೊಲ್ಲರು.

ಮೈ ಸೆಕೆಗೆ ಒಗ್ಗಿಕೊಳ್ಳುತ್ತದೆ, ಅದು ನಿಜ. ಹತ್ತು ಹದಿನಾಲ್ಕು ದಿನ ಬಿಸಿಯಲ್ಲೇ ಓಡಿದರೆ ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಕುಂದಾಪುರದಲ್ಲಿ ಇಳಿದು ಓಡುವವರಿಗೆ ಆ ಭಾಗ್ಯವಿಲ್ಲ. ದಾರಿಯುದ್ದಕ್ಕೂ ಬರೀ ನೀರು ಸುರಿದುಕೊಂಡರೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ಬಿದ್ದವರಿದ್ದಾರೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿದು ಗದ್ದೆಗಿಳಿಯುತ್ತಿದ್ದವರ ಊರಿದು. ಓಟದ ದಾರಿಯಲ್ಲಿ ಮಾತ್ರ ನೀರಿನ ಬಾಟಲಿ ಬಿಟ್ಟರೆ ಬೇರೆ ಕಾಣುವುದು ಕಡಿಮೆ.

ಕಂಬಳದವರಿಗೆ ಇನ್ನೊಂದು ಗುಟ್ಟು ಗೊತ್ತು. ಕೋಣಕ್ಕೆ ಬೆವರಿನ ಗ್ರಂಥಿಗಳು ಕಡಿಮೆ, ಮೈ ಬೇಗ ಕಾಯುತ್ತದೆ. ಅದಕ್ಕೇ ಓಡಿ ಬಂದ ಕೋಣಕ್ಕೆ ಮೊದಲು ನೀರು ಹೊಯ್ಯುತ್ತಾರೆ, ಉಳಿದ ಮಾತು ಆಮೇಲೆ. ರಸ್ತೆಯಲ್ಲಿ ಮನುಷ್ಯ ಬಿದ್ದರೆ ನಾವು ಕಾರು ಹುಡುಕುತ್ತೇವೆ, ಸುತ್ತ ಗುಂಪುಗೂಡಿ ಇರುವ ಗಾಳಿಯನ್ನೂ ತಡೆಯುತ್ತೇವೆ. ಓಡುತ್ತಿದ್ದವರು ತೊದಲಿದರೆ, ದಿಕ್ಕುತಪ್ಪಿ ನಡೆದರೆ, ಕುಸಿದರೆ ಆಂಬುಲೆನ್ಸಿಗೆ ಫೋನು ಹೋಗಲಿ; ಅದು ಬರುವವರೆಗೆ ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಬೇಕು, ಇಲ್ಲವೇ ಮೈಮೇಲೆ ನೀರು ಸುರಿಯುತ್ತಲೇ ಇರಬೇಕು. ತಣಿಸುವುದು ಮೊದಲು, ಸಾಗಿಸುವುದು ನಂತರ ಎಂಬುದು ಕ್ರೀಡಾ ವೈದ್ಯರ ನಿಯಮವೂ ಹೌದು. ಮಂಜುಗಡ್ಡೆಗೆ ಈ ಕರಾವಳಿಯಲ್ಲಿ ಬರವಿಲ್ಲ, ಮೀನುಗಾರಿಕಾ ಬಂದರಿನವರನ್ನು ಕೇಳಿದರೆ ಸಾಕು.

ಹೆದ್ದಾರಿ ಚತುಷ್ಪಥವಾಗುವಾಗ ದಾರಿಬದಿಯ ಮರಗಳು ಹೋದವು. ಈಗ ಏಳೂವರೆಯ ಬಿಸಿಲಿಗೇ ನೆರಳು ಹುಡುಕಬೇಕು. ಹಾಗಿದ್ದರೂ ಆರಕ್ಕೆ ಹೊರಡಬೇಕಾದ ಓಟ ಏಳು ದಾಟಿದರೂ ಹೊರಡದೆ ನಿಂತಿರುವುದುಂಟು. ಬಾವುಟ ಬೀಸುವ ಅತಿಥಿಗಳು ಇನ್ನೂ ಬಂದಿರುವುದಿಲ್ಲ. ಮೈ ಬಿಸಿಮಾಡಿಕೊಂಡವರು ನಿಂತಲ್ಲೇ ಬೆವರುತ್ತಿದ್ದರೆ ಅಂಗಳ ಗುಡಿಸಲು ಬಂದ ಅಜ್ಜಿ ಕೇಳುತ್ತಾರೆ: "ಇಷ್ಟ್ ಸೆಕಿಯಗೆ ಎಂತಕ್ ಓಡುದ್ ಮಾರಾಯ್ರೆ?" ಐದೂವರೆಗೆ ಊರಿನ ಯಾರಾದರೂ ಹಳೆಯ ಪಿ.ಟಿ. ಮಾಸ್ತರರು ಸೀಟಿ ಊದಿ ಬಿಡಲಿ. ಅತಿಥಿಗಳು ಎಂಟಕ್ಕೆ ಬಂದು ಬಹುಮಾನ ಕೊಡಲಿ, ಶಾಲು ಅವರಿಗೇ ಇರಲಿ.