ಬರುವ ವರ್ಷದ ಭವಿಷ್ಯ ಬರೆಯುವವರು ಯಾರು?



ವರ್ಷ ಮುಗಿಯುತ್ತ ಬಂದರೆ ಸಾಕು, ಭವಿಷ್ಯದ ಸಂತೆ ನೆರೆಯುತ್ತದೆ. ಯಾವ ಸರಕಾರ ಉರುಳುವುದು, ಯಾವ ಮಂತ್ರಿಗೆ ಗಂಡಾಂತರ, ಮಠ ಮಂದಿರ ಇಗರ್ಜಿಗಳಿಗೆ ಏನು ಕಂಟಕ, ಯಾವ ರಾಶಿಯವನಿಗೆ ಧನಲಾಭ, ಎಲ್ಲವೂ ಅಲ್ಲಿ ಸಿಗುತ್ತದೆ. ಆದರೆ ಹನ್ನೆರಡು ರಾಶಿಗಳಲ್ಲಿ ಒಂದಕ್ಕಾದರೂ “ಈ ವರ್ಷ ಧಣಿ ನಿನ್ನ ಪ್ರಾವಿಡೆಂಟ್ ಫಂಡ್ ಕಟ್ಟುವುದಿಲ್ಲ, ಎಚ್ಚರ!” ಎಂದು ಬರೆದವರನ್ನು ನಾವು ಕಾಣೆವು.

ಬಿಲ್ಲಿನಲ್ಲಿ ಹತ್ತು ರೂಪಾಯಿ ತಪ್ಪಿದರೆ ನಮ್ಮ ಸಂಬಳದಿಂದ ಮುರಿಯುತ್ತಾರೆ. ಭವಿಷ್ಯ ಹೇಳಿದವರ ತಪ್ಪಿಗೆ ಯಾರ ಸಂಬಳದಿಂದ ಮುರಿಯೋಣ? ಹಳೆಯ ಲೆಕ್ಕವನ್ನು ಸ್ವಲ್ಪ ತೆಗೆದು ನೋಡಿ.

1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆ, ಪ್ರಳಯವಾಗುತ್ತದೆ ಎಂದು ಹುಯಿಲೆದ್ದಿತು. ದೇಶದ ನಾನಾ ಕಡೆ ಯಾಗಗಳು ನಡೆದವು, ತುಪ್ಪ ಸುರಿಯಿತು. ಪ್ರಳಯ ಬರಲಿಲ್ಲ. ಸಂತ ಮಲಾಕಿಯ ಹೆಸರಿನಲ್ಲಿ 1595ರಲ್ಲಿ ಅಚ್ಚಾದ ಒಂದು ಪೋಪರ ಪಟ್ಟಿಯಿದೆ. ಅದನ್ನು ಹಿಡಿದು, ಪೋಪ್ ಫ್ರಾನ್ಸಿಸರೇ ಕೊನೆಯವರು, ಆಮೇಲೆ ರೋಮ್ ನಾಶ ಎಂದು ಹೆದರಿಸಿದವರಿದ್ದರು. ಫ್ರಾನ್ಸಿಸರು 2025ರ ಏಪ್ರಿಲ್ 21ರಂದು ತೀರಿಕೊಂಡರು. ಮೇ 8ರಂದು 14ನೆಯ ಲಿಯೋ ಆರಿಸಿಬಂದರು. ರೋಮ್ ನಿಂತಲ್ಲೇ ನಿಂತಿದೆ! ಹೊಸ ಪೋಪರು ಆ ಹೆಸರನ್ನು ಏಕೆ ತೆಗೆದುಕೊಂಡರೆಂಬುದೇ ನಮಗೆ ಮುಖ್ಯ. 1891ರಲ್ಲಿ ದುಡಿಯುವವರ ನ್ಯಾಯವಾದ ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಎತ್ತಿಹಿಡಿದ 13ನೆಯ ಲಿಯೋರನ್ನು ನೆನೆದು ಎಂದು ಅವರೇ ಹೇಳಿದರು. ಯಾವ ಪ್ರವಾದಿಯ ಪಟ್ಟಿಯಲ್ಲಿ ಇದು ಇತ್ತು?

ರಾಜಕೀಯದ ಜೋಯಿಸರೂ ಕಡಿಮೆಯವರಲ್ಲ. 2024ರ ಲೋಕಸಭೆಯ ಚುನಾವಣೆಯಲ್ಲಿ ಆಳುವ ಕೂಟಕ್ಕೆ ಮುನ್ನೂರೈವತ್ತಕ್ಕಿಂತ ಹೆಚ್ಚು ಸ್ಥಾನವೆಂದು ಬಹುಪಾಲು ಮತಗಟ್ಟೆ ಸಮೀಕ್ಷೆಗಳು ಸಾರಿದವು. ಜೂನ್ 4ರಂದು ಎಣಿಸಿದಾಗ ಬಂದದ್ದು 293. ಹೇಳಿದವರು ಮರುದಿನ ಅದೇ ಕುರ್ಚಿಯಲ್ಲಿ ಕುಳಿತು, ಏಕೆ ಹೀಗಾಯಿತೆಂದು ನಮಗೇ ಪಾಠ ಹೇಳಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

2020ನ್ನು ಮರೆಯಬಹುದೇ? ಆ ವರ್ಷದ ಯುಗಾದಿ ಮಾರ್ಚ್ 25ರಂದು. ಪಂಚಾಂಗ ಓದಿ ಆಯವ್ಯಯ ಕೇಳುವ ಅದೇ ದಿನ ದೇಶಕ್ಕೆಲ್ಲ ಬೀಗ ಬಿದ್ದಿತು. ಹೋಟೆಲುಗಳು ಮುಚ್ಚಿದವು. ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದರು. ಅಂದು ಅನ್ನ ಕೊಟ್ಟದ್ದು ಗ್ರಹವಲ್ಲ, ನೆರೆಯವನ ಕೈ.

ದೇವರಿಗೆ ಕೈ ಮುಗಿಯಬೇಡಿ ಎಂದು ನಾವು ಹೇಳುವುದಿಲ್ಲ. ಅದು ಅವರವರ ಮನಸ್ಸು. ನಾವು ಹೇಳುವುದಿಷ್ಟೆ: ಮನುಷ್ಯರು ಮಾಡಿದ ಅನ್ಯಾಯವನ್ನು ಶನಿಯ ತಲೆಗೆ ಕಟ್ಟಬೇಡಿ. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಗಿರಣಿಯ ಬಾಗಿಲು ಕಾಣಲಿಲ್ಲ. ಅದು ಸಾಡೇಸಾತಿಯೇ? ಹಳೆಯ ಯಂತ್ರಗಳನ್ನು ಬದಲಿಸದೆ ಲಾಭವನ್ನು ಬೇರೆಡೆಗೆ ಸಾಗಿಸಿದವರು ಮನುಷ್ಯರು. ನೇಯ್ಗೆಯನ್ನು ಪವರ್‌ಲೂಮ್‌ಗಳಿಗೆ ಕಳುಹಿಸಿದವರು ಮನುಷ್ಯರು. 1991ರ ನಿಯಮದಲ್ಲಿ ಗಿರಣಿಯ ನೆಲ ಮಾರಲು ದಾರಿ ತೆರೆದವರೂ ಮನುಷ್ಯರೇ. ಆ ನೆಲದ ಮೇಲೆ ಇಂದು ಗಗನಚುಂಬಿ ಕಟ್ಟಡಗಳು ನಿಂತಿವೆ. ಇದನ್ನು ಮೊದಲೇ ತಿಳಿಯಲು ಕವಡೆ ಬೇಕಿರಲಿಲ್ಲ, ಕಂಪನಿಯ ಲೆಕ್ಕಪತ್ರ ಓದಿದ್ದರೆ ಸಾಕಿತ್ತು.

ಬರುವ ವರ್ಷದ ಕುಂಡಲಿಯೂ ಬಹಿರಂಗವಾಗಿಯೇ ಇದೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ಕಟ್ಟು ಕೇಂದ್ರದ ಹಳೆಯ ಕಾನೂನಿನಲ್ಲಿ ನೂರು ಮಂದಿಯಿಂದ ಇತ್ತು, ಈಗ ಮುನ್ನೂರರಿಂದ. ಮುಷ್ಕರಕ್ಕೆ ಮೊದಲೇ ನೋಟೀಸು ಕೊಟ್ಟು ಹದಿನಾಲ್ಕು ದಿನ ಕಾಯಬೇಕು. ಇವು ನಮಗೆ ಕೇಡಿನ ಮನೆಗಳು. ಒಂದು ಒಳ್ಳೆಯ ಮನೆಯೂ ಇದೆ: ಕೆಲಸಕ್ಕೆ ಸೇರಿಸಿಕೊಂಡ ಪ್ರತಿಯೊಬ್ಬನಿಗೂ ನೇಮಕದ ಪತ್ರ ಕೊಡಬೇಕೆಂದು ಕಾನೂನು ಹೇಳುತ್ತದೆ. ಮೇಜು ಒರೆಸುವ ಹುಡುಗನಿಗೂ, ಭಟ್ಟಿಯ ಮುಂದೆ ಬೇಯುವ ಅಡುಗೆಯವನಿಗೂ ಅದು ಸಲ್ಲಬೇಕು. ಆದರೆ ಕೇಳದವನ ಕೈಗೆ ಯಾವ ಧಣಿ ತಾನಾಗಿ ತಂದಿಡುತ್ತಾನೆ?

ಆದುದರಿಂದ ನಾವೂ ಒಂದು ಭವಿಷ್ಯ ನುಡಿಯುತ್ತೇವೆ. ಒಬ್ಬೊಬ್ಬನೇ ಹೋಗಿ ಕೇಳಿದವನಿಗೆ “ನಾಳೆ ಬಾ” ಎಂಬ ಉತ್ತರ. ಕೇಳದೆ ಕುಳಿತವನಿಗೆ ಅದೂ ಇಲ್ಲ. ನಲವತ್ತು ಮಂದಿ ಒಟ್ಟಿಗೆ ನಿಂತು ಕೇಳಿದಲ್ಲಿ ಪತ್ರ ಬರುವುದು, ಹಾಜರಿ ಸರಿಯಾಗುವುದು, ಫಂಡಿನ ಹಣ ಖಾತೆಗೆ ಬೀಳುವುದು. ಇದು ತಪ್ಪಿದರೆ ಸಂಘದ ಸಭೆಗೆ ಬಂದು ನಮ್ಮನ್ನು ಕೇಳಿ. ಭವಿಷ್ಯ ಹೇಳುವವರಲ್ಲಿ ಹಾಗೆ ಕೇಳಿಸಿಕೊಳ್ಳಲು ಸಿದ್ಧರಾದವರು ಎಷ್ಟು ಮಂದಿ?