ಹುಲ್ಲಿನ ಬಿಲ್ಲು, ಡಬ್ಬಿಯ ಬಿಲ್ಲು

ಅಡುಗೆಮನೆ ಶೆಲ್ಫ್‌ನಲ್ಲಿ ಐದು ಡಬ್ಬಿ ಸಾಲಾಗಿ ನಿಂತಿದ್ದವು. ಊರಿಂದ ಬಂದಿದ್ದ ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದಳು. "ಬಯೋಟಿನ್ ಅಂತೆ, ಇದು ನಿಂದಾ?" ಅಂದಳು. "ಇಲ್ಲಮ್ಮ, ಅದು ರಾಜಂದು. ನಂದು ಆ ಚಿಕ್ಕ ಬಾಟಲಿ" ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ಎರಡನ್ನೂ ಬೇರೆ ಬೇರೆ ಶೆಲ್ಫ್‌ನಲ್ಲಿಟ್ಟಳು, ಅಷ್ಟೆ.

ಈ ಅಂಕಣ ಓದೋರಿಗೆ ರಾಜನ ಪರಿಚಯ ಇದೆ. ಹೊಸಬರಿಗೆ ಚಿಕ್ಕದಾಗಿ ಹೇಳ್ತೀನಿ: ರೇಸ್‌ನಿಂದ ನಿವೃತ್ತನಾದ ಕುದುರೆ, ವಯಸ್ಸು 13. ಬೆಂಗಳೂರಿನ ಹೊರಗಿನ ಒಂದು ರೈಡಿಂಗ್ ಸ್ಕೂಲಿನ ಲಾಯದಲ್ಲಿದ್ದಾನೆ. ಅವನ ಖರ್ಚನ್ನು ನಾನೂ ನನ್ನ ಗೆಳತಿಯೂ ಅರ್ಧರ್ಧ ಹಂಚಿಕೊಂಡಿದ್ದೀವಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಭಾನುವಾರ ಮಾತ್ರ ಅವನ ಹತ್ತಿರ ಓಡೋರು ನಾವು.

ಹೋದ ಮಳೆಗಾಲದಲ್ಲಿ ರಾಜನ ಮೈಹೊಳಪು ಹೋಯ್ತು. ಗೊರಸಿನಲ್ಲಿ ಸೀಳು ಕಾಣಿಸಿತು. ಲಾಳ ಕಟ್ಟೋರು "ಮೊಳೆ ನಿಲ್ತಿಲ್ಲ, ಗೊರಸು ಪುಡಿಪುಡಿ ಆಗ್ತಿದೆ" ಅಂದರು. ನಡಿಗೆಯಲ್ಲೂ ಏನೋ ಬಿಗಿ, ಒಂದು ದಿನ ಮುಂಗಾಲು, ಇನ್ನೊಂದು ದಿನ ಹಿಂಗಾಲು. ವಾರದ ದಿನ ಹೋಗಿ ನೋಡೋಕೆ ಆಗ್ತಿರಲಿಲ್ಲ. ರಾತ್ರಿ ಮಲಗೋ ಮುಂಚೆ ಫೋನ್ ತೆಗೆದು ಡಬ್ಬಿ ಆರ್ಡರ್ ಮಾಡ್ತಿದ್ದೆ. ಗೊರಸಿಗೆ ಒಂದು, ಕೀಲಿಗೆ ಒಂದು, ರಕ್ತಕ್ಕೆ ಒಂದು ಟಾನಿಕ್, ತೂಕ ಬರೋಕೆ ಸಿಹಿ ಪುಡಿ ಒಂದು, ಎಲ್ಲಕ್ಕೂ ಸೇರಿ ಒಂದು ಮಲ್ಟಿವಿಟಮಿನ್. ಒಂದೇ ತಿಂಗಳಲ್ಲಿ 11 ಸಾವಿರ ರೂಪಾಯಿ.

ಅದೇ ತಿಂಗಳು ಲಾಯ ನೋಡಿಕೊಳ್ಳುವ ಅಣ್ಣ ಎರಡು ಸಲ ಫೋನ್ ಮಾಡಿದ್ದರು. "ಮೇಡಂ, ಒಣಹುಲ್ಲು ಸಾಲ್ತಿಲ್ಲ, ಇನ್ನೊಂದು ಹೊರೆ ಹಾಕಿಸೋಣ." ಹುಲ್ಲಿನ ರೇಟು ಏರಿದೆ ಅಂತ ನಾನೇ "ಮುಂದಿನ ತಿಂಗಳು ನೋಡೋಣ ಅಣ್ಣ" ಅಂದಿದ್ದೆ. ಡಬ್ಬಿಗೆ ಒಂದೇ ಬೆರಳು ಒತ್ತಿದವಳು ಹುಲ್ಲಿಗೆ ಚೌಕಾಸಿ ಮಾಡಿದ್ದೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ

ಪಶುವೈದ್ಯರು ಬಂದಾಗ ಐದೂ ಡಬ್ಬಿ ತೋರಿಸೋಕೆ ರೆಡಿಯಾಗಿದ್ದೆ. ಅವರು ಡಬ್ಬಿ ಕಡೆ ನೋಡಲೇ ಇಲ್ಲ. "ದಿನಕ್ಕೆ ಏನೇನು ತಿಂತಾನಮ್ಮ, ಎಷ್ಟೆಷ್ಟು?" ಅಂದರು. "ಇಷ್ಟು ಮಗ್ ಓಟ್ಸ್, ಇಷ್ಟು ಮಗ್ ಬೂಸಾ..." ಅಂತ ಶುರು ಮಾಡಿದೆ. "ಮಗ್ ಬೇಡ, ಕೆಜಿ ಹೇಳಿ. ಒಂದು ಮಗ್ ಓಟ್ಸೂ ಒಂದು ಮಗ್ ಬೂಸಾನೂ ಒಂದೇ ತೂಕ ಇರಲ್ಲ. ತೂಗಿ ನೋಡಿ, ಆಮೇಲೆ ಮಾತಾಡೋಣ."

ಸರಿ, ತೂಗಿದೆವು. ಕಾಳಿಗೆ ಅಡುಗೆಮನೆಯ ತಕ್ಕಡಿ. ಹುಲ್ಲಿಗೆ ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ. ಕುದುರೆಯ ತೂಕಕ್ಕೆ ಟೈಲರ್ ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ಕೆಜಿ ಸಿಗುತ್ತೆ. ರಾಜನ ಸುತ್ತಳತೆ 180, ಉದ್ದ 165. ಅಂದರೆ 450 ಕೆಜಿ.

ಅವನ ದಿನದ ಊಟ ಹೀಗಿತ್ತು: ಒಣಹುಲ್ಲು 4 ಕೆಜಿ, ಹಸಿ ನೇಪಿಯರ್ ಹುಲ್ಲು 8 ಕೆಜಿ, ಓಟ್ಸ್ 2 ಕೆಜಿ, ಗೋಧಿ ಬೂಸಾ 2 ಕೆಜಿ, ಬೇಯಿಸಿದ ಹುರುಳಿ ಅರ್ಧ ಕೆಜಿ. ನೋಡೋಕೆ ಭರ್ಜರಿ. ಆದರೆ ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಕುದುರೆಗೆ ದಿನಕ್ಕೆ ಮೈತೂಕದ ಕನಿಷ್ಠ ನೂರಕ್ಕೆ ಒಂದೂವರೆ ಪಾಲು ಮೇವು ಬೇಕು, ಅದೂ ನೀರಿನಂಶ ಬಿಟ್ಟು. 450 ಕೆಜಿಗೆ ಅದು ಪೌಣೇಳು ಕೆಜಿ ಆಯ್ತು. ರಾಜನಿಗೆ ಸಿಗ್ತಿದ್ದದ್ದು ಐದೂಕಾಲು ಕೆಜಿ. ಲಾಯದ ಅಣ್ಣ ಎರಡು ಸಲ ಫೋನಿನಲ್ಲಿ ಹೇಳಿದ್ದು ಇದನ್ನೇ.

ಬೂಸಾದ ಲೆಕ್ಕ

ಎರಡನೇ ತಪ್ಪು ಬೂಸಾದ್ದು. ಅಗ್ಗ, ಎಲ್ಲ ಕಡೆ ಸಿಗುತ್ತೆ, ಕುದುರೆನೂ ಇಷ್ಟಪಟ್ಟು ತಿನ್ನುತ್ತೆ. ಆದರೆ 2 ಕೆಜಿ ಗೋಧಿ ಬೂಸಾದಲ್ಲಿ ಫಾಸ್ಫರಸ್ 20 ಗ್ರಾಂ ದಾಟುತ್ತೆ, ಕ್ಯಾಲ್ಸಿಯಂ ಎರಡು ಮೂರು ಗ್ರಾಂ ಇದ್ದರೆ ಹೆಚ್ಚು. ಕುದುರೆಗೆ ಬೇಕಾಗಿರೋದು ಇದರ ಉಲ್ಟಾ: ಫಾಸ್ಫರಸ್ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಾಲು. ಸಾಲದ್ದಕ್ಕೆ ನೇಪಿಯರ್‌ನಂಥ ಹುಲ್ಲಿನಲ್ಲಿ ಆಕ್ಸಲೇಟ್ ಅನ್ನೋ ಅಂಶ ಇರುತ್ತೆ. ಅದು ಇರೋ ಚೂರುಪಾರು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಂಡು ಕರುಳಿನಲ್ಲಿ ಹೀರಿಕೊಳ್ಳೋಕೆ ಬಿಡಲ್ಲ. ದನಗಳು ಇದನ್ನು ಸುಧಾರಿಸಿಕೊಳ್ತವೆ, ಕುದುರೆಗೆ ಕಷ್ಟ.

"ಹಾಗಾದರೆ ರಕ್ತ ಪರೀಕ್ಷೆ ಮಾಡಿಸೋಣವಾ ಸರ್?" ಅಂದೆ. "ಮಾಡಿಸಬಹುದು, ಆದರೆ ಕ್ಯಾಲ್ಸಿಯಂ ನಾರ್ಮಲ್ ಅಂತಲೇ ಬರಬಹುದು. ರಕ್ತದಲ್ಲಿ ಕಡಿಮೆಯಾದ ತಕ್ಷಣ ದೇಹ ಮೂಳೆಯಿಂದ ಎತ್ತಿ ಹಾಕುತ್ತೆ. ನೀವು ಎಫ್‌ಡಿ ಮುರಿದು ಸೇವಿಂಗ್ಸ್ ಅಕೌಂಟಿಗೆ ಹಾಕಿದ ಹಾಗೆ. ಪಾಸ್‌ಬುಕ್ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ಸುತ್ತೆ" ಅಂದರು. ಇದು ತುಂಬ ದಿನ ನಡೆದರೆ ಮುಖದ ಮೂಳೆ ಮೆತ್ತಗಾಗಿ ಊದಿಕೊಳ್ಳುತ್ತೆ, ಕಾಲು ಜಾಗ ಬದಲಿಸುತ್ತಾ ಕುಂಟುತ್ತೆ. ಹಿಂದೆ ಹಿಟ್ಟಿನ ಗಿರಣಿಗಳಲ್ಲಿ ಬೂಸಾ ತಿಂದೇ ಬದುಕುತ್ತಿದ್ದ ಕುದುರೆಗಳಿಗೆ ಹೀಗಾಗುತ್ತಿತ್ತು. ರಾಜ ಅಲ್ಲಿವರೆಗೆ ಹೋಗಿರಲಿಲ್ಲ. ಆದರೆ ದಾರಿ ಅದೇ ಆಗಿತ್ತು.

ಹುರುಳಿ ಬಗ್ಗೆಯೂ ಕೇಳಿದೆ. ಇಂಗ್ಲಿಷಿನವರು ಅದಕ್ಕೆ ಹೆಸರಿಟ್ಟಿದ್ದೇ ಕುದುರೆ ಕಾಳು ಅಂತ. ನಮ್ಮಜ್ಜಿ ಮನೇಲಿ ಹುರುಳಿ ಬೇಯಿಸಿದ ಕಟ್ಟು ನಮ್ಮ ಸಾರಿಗೆ, ಕಾಳು ಎತ್ತುಗಳಿಗೆ. ಬೇಯಿಸಿ ಕೊಟ್ಟರೆ ಒಳ್ಳೆ ಪ್ರೋಟೀನು, ನೂರಕ್ಕೆ 22ರಷ್ಟು. ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಹೆಚ್ಚುಕಡಿಮೆ ಸಮ, ಹಾಗಾಗಿ ಬೂಸಾ ಕೆಡಿಸಿದ್ದನ್ನು ಹುರುಳಿ ಸರಿ ಮಾಡಲ್ಲ. ಅರ್ಧ ಕೆಜಿ ಇರಲಿ ಅಂದರು.

ಮೂರನೆಯದು ಕೇಳಿ ನಗಬೇಡಿ. ಉಪ್ಪು. ರಾಜನ ಬಕೆಟ್‌ನಲ್ಲಿ ಉಪ್ಪೇ ಇರಲಿಲ್ಲ. ಗೋಡೆಗೆ ಉಪ್ಪಿನ ಇಟ್ಟಿಗೆ ನೇತು ಹಾಕಿದ್ದೆವು, ಆದರೆ ಕುದುರೆಯ ನಾಲಿಗೆ ದನದ್ದರಷ್ಟು ಒರಟಲ್ಲ, ಎಷ್ಟೋ ಕುದುರೆಗಳು ಸಾಕಾಗುವಷ್ಟು ನೆಕ್ಕಲ್ಲ. ಈ ತೂಕದ ಕುದುರೆಗೆ ಕೆಲಸ ಇಲ್ಲದ ದಿನವೂ 25ರಿಂದ 30 ಗ್ರಾಂ ಉಪ್ಪು ಬೇಕು, ಬೆವರಿದ ದಿನ ಇನ್ನೂ ಜಾಸ್ತಿ. ಮನೇಲಿ ಬಳಸೋ ಪುಡಿ ಉಪ್ಪೇ ಸಾಕು, ಪಕ್ಕದಲ್ಲಿ ಬೇಕಾದಷ್ಟು ನೀರಿರಬೇಕು. ಐದು ಡಬ್ಬಿಯ ದುಡ್ಡಿನಲ್ಲಿ ಅವನಿಗೆ ಎಷ್ಟು ವರ್ಷದ ಉಪ್ಪು ಬರ್ತಿತ್ತೋ!

ಡಬ್ಬಿಗಳ ಹಣೆಬರಹ

ಆಮೇಲೆ ಡಾಕ್ಟರ್ ಡಬ್ಬಿಗಳನ್ನು ಒಂದೊಂದಾಗಿ ಕೈಗೆ ತಗೊಂಡರು. ಮುಂದೆ ಇರೋ ಹೆಸರು ಓದಲಿಲ್ಲ, ಹಿಂದೆ ಇರೋ ಸಣ್ಣ ಅಕ್ಷರ ಓದಿದರು.

ಬಯೋಟಿನ್: ಲಿಪಿಜಾನರ್ ತಳಿಯ ಕುದುರೆಗಳಲ್ಲಿ ಗೊರಸು ಸುಧಾರಿಸಿದ್ದು ದಿನಕ್ಕೆ 20 ಮಿಲಿಗ್ರಾಂ ಕೊಟ್ಟಾಗ, ಅದೂ ತಿಂಗಳುಗಟ್ಟಲೆ. ನನ್ನ ಡಬ್ಬಿಯ ಒಂದು ಚಮಚದಲ್ಲಿ ಇದ್ದದ್ದು 2 ಮಿಲಿಗ್ರಾಂ. ಗೊರಸು ಬೆಳೆಯೋದೇ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ. ಮೇಲಿನ ಅಂಚಿನಲ್ಲಿ ಇವತ್ತು ಹುಟ್ಟಿದ ಗೊರಸು ನೆಲ ಮುಟ್ಟೋಕೆ ಹತ್ತಿರ ಹತ್ತಿರ ವರ್ಷ ಬೇಕು. ನಾನು ಮೂರೇ ವಾರಕ್ಕೆ ಫೋಟೋ ತೆಗೆದು ಗೆಳತಿಗೆ "ಇಂಪ್ರೂವ್ ಆಗಿದೆ ಅಲ್ವಾ?" ಅಂತ ಕಳಿಸಿದ್ದೆ.

ಕೀಲಿನ ಪುಡಿ: ಅದರಲ್ಲಿದ್ದ ಗ್ಲುಕೋಸಮಿನ್ ಬಾಯಿಯಿಂದ ಕೊಟ್ಟಾಗ ಕುದುರೆಯ ರಕ್ತಕ್ಕೆ ಸೇರೋದು ತೀರಾ ಸ್ವಲ್ಪ. ರಕ್ತದ ಟಾನಿಕ್: ಅದು ಕಬ್ಬಿಣ. ಮೇವು ತಿನ್ನೋ ಕುದುರೆಗೆ ಕಬ್ಬಿಣದ ಕೊರತೆ ಅಪರೂಪ, ಹೆಚ್ಚಾದದ್ದನ್ನು ದೇಹ ಹೊರಗೆ ಹಾಕಲ್ಲ.

ಮಲ್ಟಿವಿಟಮಿನ್ ಮತ್ತು ಗೊರಸಿನ ಪುಡಿ ಎರಡರಲ್ಲೂ ಸೆಲೆನಿಯಂ ಇತ್ತು. ಡಾಕ್ಟರ್ ಗಂಭೀರವಾಗಿದ್ದು ಇಲ್ಲಿ. ಕುದುರೆಗೆ ದಿನಕ್ಕೆ ಬೇಕಾಗೋದು ಸುಮಾರು 1 ಮಿಲಿಗ್ರಾಂ. ಬೇಕಾದದ್ದಕ್ಕೂ ವಿಷಕ್ಕೂ ಮಧ್ಯೆ ಅಂತರ ಕಡಿಮೆ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದೇ ಪೋಲೋ ತಂಡದ 21 ಕುದುರೆಗಳು ಪಂದ್ಯದ ಹೊತ್ತಿಗೆ ಕುಸಿದು ಸತ್ತವು. ಅವುಗಳಿಗೆ ಕೊಟ್ಟ ವಿಟಮಿನ್ ಇಂಜೆಕ್ಷನ್ ತಯಾರಿಸುವಾಗ ಸೆಲೆನಿಯಂ ಪ್ರಮಾಣ ತಪ್ಪಿತ್ತು. ಅದು ಇಂಜೆಕ್ಷನ್, ನಮ್ಮದು ಪುಡಿ, ನಿಜ. ಆದರೂ ಎರಡು ಡಬ್ಬಿ ಒಟ್ಟಿಗೆ ಕೊಡೋ ಮುಂಚೆ ಎರಡರ ಸೆಲೆನಿಯಂ ಕೂಡಿಸಿ ನೋಡಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಎಚ್ಚರ. ಅಗ್ಗ ಅಂತ ದನದ ಫೀಡೋ ಕೋಳಿ ಫೀಡೋ ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಔಷಧಿ, ಕುದುರೆಯ ಹೃದಯಕ್ಕೆ ವಿಷ. ಕುದುರೆಗೆ ವಾಂತಿ ಮಾಡೋಕೂ ಬರಲ್ಲ, ತಿಂದದ್ದು ಒಳಗೇ ಉಳಿಯುತ್ತೆ.

ಗುಂಡ

ಇಲ್ಲಿವರೆಗೆ ಹೇಳಿದ್ದೆಲ್ಲ ದುಡ್ಡು ಹಾಳಾದ ಕತೆ. ಐದನೇ ಡಬ್ಬಿ, ಅಂದರೆ ತೂಕ ಬರೋ ಸಿಹಿ ಪುಡಿಯದು ಬೇರೆ ಕತೆ.

ರಾಜನ ಪಕ್ಕದ ಲಾಯದಲ್ಲಿ ಗುಂಡ ಇದ್ದಾನೆ. ಪುಟಾಣಿ ಪೋನಿ, ಆರೇಳು ವರ್ಷದ ಮಕ್ಕಳು ಮೊದಲ ಸಲ ಹತ್ತೋದು ಅವನ ಮೇಲೇ. ನಾನು ರಾಜನಿಗೆ ಬಕೆಟ್ ಇಡುವಾಗ ಗುಂಡ ಬಾಗಿಲಿಗೆ ಒದ್ದು ಕರೀತಿದ್ದ. ಪಾಪ ಅನ್ನಿಸಿ ಪ್ರತಿ ವಾರಾಂತ್ಯ ಅವನಿಗೂ ಒಂದು ಬಟ್ಟಲು ಪುಡಿ, ಒಂದು ಉಂಡೆ ಬೆಲ್ಲ. ಡಬ್ಬಿ ಲಾಯದಲ್ಲೇ ಬಿಟ್ಟು ಬಂದ ಮೇಲೆ ವಾರದ ದಿನವೂ ಅವನ ಪಾಲು ನಡೀತು. "ಗುಂಡನಿಗೂ ಹಾಕಿ ಅಣ್ಣ" ಅಂತ ಹೇಳಿದ್ದು ನಾನೇ.

ಪೋನಿಗಳ ಮೈ ಬರಡು ನಾಡಿನಲ್ಲಿ ಸ್ವಲ್ಪದರಲ್ಲೇ ಬದುಕೋಕೆ ಅಂತ ಆದದ್ದು. ಸಿಹಿ ಮತ್ತು ಪಿಷ್ಟ ಹೆಚ್ಚಾದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತೆ, ಗೊರಸಿನೊಳಗೆ ಮೂಳೆಯನ್ನು ಹಿಡಿದಿಟ್ಟಿರೋ ಪದರಗಳು ಸಡಿಲ ಆಗ್ತವೆ. ಲ್ಯಾಮಿನೈಟಿಸ್ ಅಂತಾರೆ. ಒಂದು ಶನಿವಾರ ಹೋದಾಗ ಗುಂಡ ಮುಂಗಾಲು ಮುಂದೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದ. ಬಾಗಿಲಿಗೆ ಒದೀಲಿಲ್ಲ. ಗೊರಸು ಮುಟ್ಟಿದರೆ ಬಿಸಿ. ಟೇಪ್ ಹಿಡಿದು ನೋಡಿದರೆ 200 ಕೆಜಿ ಇರಬೇಕಾದವನು 235 ಆಗಿದ್ದ.

ಮೂರು ತಿಂಗಳು ಮೆತ್ತನೆ ಹಾಸಿನ ಮೇಲೆ ನಿಲ್ಲಿಸಿದ್ದರು. ತೂಗಿದ ಹುಲ್ಲು, ಚಿಟಿಕೆಯಷ್ಟು ಮಿನರಲ್ ಪುಡಿ, ಉಪ್ಪು, ನೋವಿಗೆ ಔಷಧಿ, ಬೇರೇನಿಲ್ಲ. ಮಕ್ಕಳು ಬಂದು "ಆಂಟಿ, ಗುಂಡ ಯಾಕೆ ಬರಲ್ಲ?" ಅಂತ ನನ್ನನ್ನೇ ಕೇಳೋರು. "ಕಾಲು ನೋವು ಪುಟ್ಟ" ಅಂತಿದ್ದೆ. ಯಾರಿಂದ ಅಂತ ಹೇಳೋ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಈಗ ಬಕೆಟ್‌ನಲ್ಲಿ ಏನಿದೆ

ರಾಜನ ಬೂಸಾ ಎರಡು ವಾರದಲ್ಲಿ ನಿಧಾನಕ್ಕೆ ಇಳಿದು ಈಗ ಒಂದು ಹಿಡಿಗೆ ಬಂದಿದೆ. ಯಾವ ಬದಲಾವಣೆಯಾದರೂ ಹೀಗೇ ಮಾಡಬೇಕು, ದಿಢೀರ್ ಬದಲಿಸಿದರೆ ಹೊಟ್ಟೆಶೂಲೆ ಬರುತ್ತೆ. ಒಣಹುಲ್ಲು 7 ಕೆಜಿ ಆಗಿದೆ, ನೇಪಿಯರ್ ಅರ್ಧಕ್ಕಿಳಿದಿದೆ. ಒಂದು ಕೆಜಿ ಒಣಗಿಸಿದ ಲೂಸರ್ನ್ ಸೇರಿದೆ, ನಮ್ಮ ರೈತರು ಕುದುರೆ ಮಸಾಲೆ ಅಂತಾರಲ್ಲ, ಅದೇ ಸೊಪ್ಪು. ಕ್ಯಾಲ್ಸಿಯಂ ಅದರಲ್ಲಿ ಧಾರಾಳ. ಡಾಕ್ಟರ್ ಅಳತೆ ಹೇಳಿದಂತೆ ಸ್ವಲ್ಪ ಸುಣ್ಣದಕಲ್ಲಿನ ಪುಡಿ, ಕುದುರೆಗೇ ಅಂತ ಮಾಡಿದ ಒಂದು ಮಿನರಲ್ ಮಿಕ್ಸ್, ಉಪ್ಪು. ಐದು ಡಬ್ಬಿ ಹೋಗಿ ಒಂದು ಉಳಿಯಿತು. ತಿಂಗಳ ಖರ್ಚು ಹೆಚ್ಚೇನೂ ಇಳಿದಿಲ್ಲ, ಡಬ್ಬಿಯಿಂದ ಹುಲ್ಲಿಗೆ ಹೋಗಿದೆ ಅಷ್ಟೆ.

ನೀವೂ ಯಾವುದಾದರೂ ಕುದುರೆಯ ಖರ್ಚು ಹಂಚಿಕೊಂಡಿದ್ದರೆ ಆರ್ಡರ್ ಬಟನ್ ಒತ್ತೋ ಮುಂಚೆ ಇಷ್ಟು ಮಾಡಿ. ಕುದುರೆಯನ್ನು ಅಳೆಯಿರಿ. ಒಂದು ದಿನದ ಮೇವು, ಕಾಳು ಎಲ್ಲವನ್ನೂ ತೂಗಿ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ ಏನು ಕಡಿಮೆ ಇದೆ ಅಂತ ಕೇಳಿ, ಕಡಿಮೆ ಇರೋದನ್ನು ಮಾತ್ರ ತನ್ನಿ. ಲಾಯ ನೋಡಿಕೊಳ್ಳೋರು ಹುಲ್ಲು ಸಾಲಲ್ಲ ಅಂದರೆ ಅದನ್ನು ಮೊದಲು ಹಾಕಿಸಿ.

ಮೂರು ತಿಂಗಳಿಗೆ ರಾಜನ ಮೈಗೆ ಹೊಳಪು ಬಂತು. ಎಂಟು ತಿಂಗಳಾಗೋ ಹೊತ್ತಿಗೆ ಗೊರಸಿನಲ್ಲಿ ಮೊಳೆ ನಿಲ್ಲೋಕೆ ಶುರುವಾಯ್ತು. ಗುಂಡ ಈಗ ಚಿಕ್ಕ ಮಕ್ಕಳನ್ನು ಹೊತ್ತು ನಿಧಾನಕ್ಕೆ ನಡೀತಾನೆ, ಓಡಲ್ಲ. ಕಾಯಿಲೆ ಬಿದ್ದಾಗಿನ ಗುರುತು ಅವನ ಮುಂಗಾಲಿನ ಗೊರಸಿನ ಮೇಲೆ ಬಳೆಯಂಥ ಗೆರೆಯಾಗಿ ಉಳಿದಿದೆ. ಗೊರಸು ಬೆಳೆದ ಹಾಗೆ ಅದು ಕೆಳಗಿಳಿಯುತ್ತಿದೆ. ಮೊನ್ನೆ ಶನಿವಾರ ನೋಡಿದಾಗ ಅರ್ಧ ದಾಟಿತ್ತು.